ಎರಡು ಫ್ಯಾನಿಗೂ ಒಂದೊಂದು ತೊಟ್ಟು

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಕಂಪ್ಯೂಟರು ಮತ್ತೆ ತಾನಾಗಿಯೇ ಬಂದ್ ಆಯಿತು. ಗ್ಯಾಲರಿಯಲ್ಲಿ ಬಿಸಿಲಿಗೆ ಕಾಲು ಚಾಚಿ ಪೇಪರು ಹಿಡಿದು ಕೂತಿದ್ದ ಮುಂಡಪ್ಪನಿಗೆ ಅದನ್ನು ಯಾರೂ ಬಂದು ಹೇಳಬೇಕಾಗಿರಲಿಲ್ಲ. ಒಳಕೋಣೆಯಿಂದ ಬರುತ್ತಿದ್ದ ಗುಂಯ್ ಎಂಬ ಸಣ್ಣ ಸದ್ದು ನಿಂತಿತು, ಅದರ ಬೆನ್ನಿಗೇ ಮಗಳು ಪ್ರಣೀತಾ ಮೇಜಿಗೆ ಅಂಗೈ ಬಡಿದದ್ದು ಕೇಳಿತು, "ಅರೇ ಯಾರ್, ಫಿರ್ ಸೇ!" ಎಂದದ್ದೂ ಕೇಳಿತು. ಮುಂಡಪ್ಪ ಪೇಪರನ್ನು ಇನ್ನೊಂದಿಷ್ಟು ಮೇಲೆತ್ತಿ ಮುಖಕ್ಕೆ ಅಡ್ಡ ಹಿಡಿದ. ಇಷ್ಟು ಚಂದದ ಬೆಳಗು! ಡೊಂಬಿವಲಿಯಲ್ಲಿ ವರ್ಷಕ್ಕೆ ಹದಿನೈದು ದಿನ ಸಿಗುವ ಚಳಿ, ಹೊಟ್ಟೆಯಲ್ಲಿ ನಾಲ್ಕು ನೀರುದೋಸೆ, ಕೈಗೆಟಕುವಲ್ಲಿ ಎರಡನೇ ಲೋಟ ಚಹಾ. ಅರವತ್ತನಾಲ್ಕು ವರ್ಷಕ್ಕೆ ಮಂಡಿನೋವಿಲ್ಲ, ಶುಗರಿಲ್ಲ, ಫ್ಲ್ಯಾಟು ಸ್ವಂತದ್ದು, ಮಗ ಮಗಳು ಇಬ್ಬರಿಗೂ ಕೆಲಸ ಇದೆ, ಹೆಂಡತಿ ಸುಂದರಿ ಈಗಲೂ ಅವನ ಜೋಕಿಗೆ ನಗುತ್ತಾಳೆ. ದೂರಲಿಕ್ಕೆ ಏನಿದೆ? ಏನೂ ಇಲ್ಲ. ಆ ಎಣ್ಣೆಯದ್ದೊಂದು ಇಲ್ಲದಿದ್ದರೆ ಏನೇನೂ ಇಲ್ಲ.

ಎಣ್ಣೆ ಹಾಕಿದ್ದು ಅವನೇ. ನವೆಂಬರಿನಲ್ಲಿ, ಪ್ರಣೀತಾ ಥಾಣೆಯ ಆಫೀಸಿಗೆ ಹೋಗಿದ್ದ ಒಂದು ಮಂಗಳವಾರ. ಕಂಪ್ಯೂಟರಿನ ಹೊಟ್ಟೆಯೊಳಗಿಂದ ಹಲವು ದಿನಗಳಿಂದ ಇಲಿಮರಿಯ ಹಾಗೆ ಕಿಂಯ್ ಕಿಂಯ್ ಎಂಬ ಸದ್ದು ಬರುತ್ತಿತ್ತು. ಪ್ರಣೀತಾ ಹೆಡ್‌ಫೋನು ಹಾಕಿಕೊಂಡು ಕೂರುವವಳು, ಅವಳಿಗೆ ಕೇಳಿಸದು. ಮಗ ಸುಜನ್ ಸಂಜೆ ಕಂಪ್ಯೂಟರಿನಲ್ಲಿ ಆಟಕ್ಕೆ ಕೂತರೆ ಅವನಿಗೆ ಬಂದೂಕಿನ ಸದ್ದು ಬಿಟ್ಟರೆ ಬೇರೇನೂ ಬೇಡ. ಆದರೆ ಮುಂಡಪ್ಪನದು ಥಾಣೆಯ ಹೋಟೆಲಿನಲ್ಲಿ ಮೂವತ್ತೊಂದು ವರ್ಷ ಗ್ರೈಂಡರುಗಳ ನಡುವೆ ಬದುಕಿದ ಕಿವಿ. ಗ್ರೈಂಡರು ಕಿರುಗುಟ್ಟುವ ಮೊದಲೇ ಅದಕ್ಕೆ ಎಲ್ಲಿ ನೋವು ಎಂದು ಹೇಳಬಲ್ಲವನು ಎಂದು ಸೇಠ್ ನಾಲ್ಕು ಜನರೆದುರು ಹೊಗಳಿದ್ದುಂಟು. ಕೀಲು ಒಣಗಿದರೆ ತೆಂಗಿನೆಣ್ಣೆ. ಮೆಶೀನಿನ ಎಣ್ಣೆ ಮುಟ್ಟಿಸಬಾರದು, ಇಡ್ಲಿಗೆ ವಾಸನೆ ಹೊಡೆಯುತ್ತದೆ, ಗಿರಾಕಿ ತಟ್ಟೆ ತಳ್ಳಿ ಎದ್ದು ಹೋಗುತ್ತಾನೆ. ತೆಂಗಿನೆಣ್ಣೆಯೇ ಆಗಬೇಕು, ದಿನವೂ ಹಳೆಯದನ್ನು ಬಟ್ಟೆಯಲ್ಲಿ ಒರೆಸಿ ತೆಗೆದು ಹೊಸದಾಗಿ ಹಾಕಬೇಕು. ಅದು ಕಾನೂನು. ಆ ಮಂಗಳವಾರ ಅವನು ಕಂಪ್ಯೂಟರಿನ ಪಕ್ಕದ ಬಾಗಿಲು ಬಿಚ್ಚಿ, ಟಾರ್ಚು ಬಿಟ್ಟು, ಪರದೆಯ ಮೇಲೆ ಚಿತ್ರ ಮೂಡಿಸುವ ಆ ಗ್ರಾಫಿಕ್ಸ್ ಕಾರ್ಡು ಎಂಬ ಇಟ್ಟಿಗೆಯಷ್ಟು ದೊಡ್ಡ ವಸ್ತುವನ್ನೂ ಅದರ ಹೊಟ್ಟೆಗೆ ಅಂಟಿಕೊಂಡಿದ್ದ ಎರಡು ಪುಟ್ಟ ಫ್ಯಾನುಗಳನ್ನೂ ಪತ್ತೆ ಹಚ್ಚಿ, ಗುಡಿಸುವ ಹಿಡಿಸೂಡಿಯ ಒಂದು ಕಡ್ಡಿ ಮುರಿದು ಎಣ್ಣೆಯಲ್ಲಿ ಅದ್ದಿ, ಕೂಗುತ್ತಿದ್ದ ಫ್ಯಾನಿನ ನಡುಗಂಟಿನ ಸಂದಿಗೆ ಒಂದು ತೊಟ್ಟು ಮುಟ್ಟಿಸಿದ. ಕೂಗುತ್ತಿದ್ದದ್ದು ಒಂದೇ. ಆದರೆ ಅದರ ಜೋಡಿ ಪಕ್ಕದಲ್ಲೇ ಇತ್ತಲ್ಲ, ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಕೊಡದಿರುವುದು ಹೇಗೆ? ಅದಕ್ಕೂ ಒಂದು ತೊಟ್ಟು. ಸಂಜೆ ಸದ್ದೇ ಇಲ್ಲ! ಯಾರಾದರೂ ತಾವಾಗಿಯೇ ಗಮನಿಸಿ ಕೇಳಲಿ, ಆಗ ಹೇಳೋಣ ಎಂದು ಅವನು ಹಾಲಿನಲ್ಲಿ ಅತ್ತಿಂದಿತ್ತ ಓಡಾಡಿದ. ಯಾರೂ ಕೇಳಲಿಲ್ಲ. ರಿಟೈರಾದ ಮೇಲೆ ಇದೊಂದು ಅಭ್ಯಾಸವಾಗಿಹೋಗಿತ್ತು. ಏನಾದರೂ ಮಾಡುವುದು, ಯಾರೂ ಕೇಳದಿರುವುದು. ಆದರೂ ಅವತ್ತು ಮುಂಡಪ್ಪ ಎರಡು ತುತ್ತು ಹೆಚ್ಚೇ ಉಂಡ.

ಜನವರಿ ಬಂತು, ಬಚ್ಚಲಿನ ತೆಂಗಿನೆಣ್ಣೆ ಬಾಟಲಿಯಲ್ಲೇ ಮೇಣದ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿತು. ಸುಂದರಿ ಬಾಟಲಿಯನ್ನು ಗ್ಯಾಲರಿಯ ಬಿಸಿಲಿಗೆ ತಂದಿಟ್ಟ ಬೆಳಿಗ್ಗೆಯೇ ಕಂಪ್ಯೂಟರು ಮೊದಲ ಸಲ ಬಂದ್ ಬಿದ್ದಿತ್ತು. ಒಂದನ್ನು ನೋಡಿ ಇನ್ನೊಂದನ್ನು ಕೇಳಿದವನಿಗೆ ಎರಡರ ನಂಟು ಹೊಳೆಯಿತು. ಅಯ್ಯೋ ದೇವರೇ. ಎರಡು ತೊಟ್ಟೂ ಧೂಳು ಹಿಡಿದು ಅಲ್ಲಿ ಅಂಟು ಕಟ್ಟಿರಬೇಕು. ಚಳಿಗೆ ಗಟ್ಟಿಯಾಗಿ ಫ್ಯಾನು ತಿರುಗುತ್ತಿಲ್ಲ, ಗಾಳಿಯಿಲ್ಲದೆ ಕಾರ್ಡು ಕಾಯುತ್ತಿದೆ, ಕಾದು ಕಾದು ಕಂಪ್ಯೂಟರು ತಾನಾಗಿಯೇ ಆರಿಹೋಗುತ್ತಿದೆ. ಮಧ್ಯಾಹ್ನ ಬಿಸಿಲೇರಿದ ಮೇಲೆ ತೊಂದರೆಯಿಲ್ಲ. ಯಾವ ಮೆಕ್ಯಾನಿಕ್ಕೂ ಬರುವ ಮೊದಲೇ, ಪೇಪರಿನ ಹಿಂದೆ ಕೂತೇ, ಮುಂಡಪ್ಪನಿಗೆ ಎಲ್ಲ ತಿಳಿದುಹೋಗಿತ್ತು. ಆವತ್ತೇ ಹೇಳಿಬಿಟ್ಟಿದ್ದರೆ ನಗುವಿನಲ್ಲಿ ಮುಗಿಯುತ್ತಿತ್ತು. ಹೇಳಬೇಕೆಂದೇ ಇದ್ದ. ಊಟಕ್ಕೆ ಕೂತಾಗ ಹೇಳೋಣ ಎಂದುಕೊಂಡ. ಊಟಕ್ಕೆ ಕೂತಾಗ ಪ್ರಣೀತಾ ತಮ್ಮನ ಮೇಲೆ ಹರಿಹಾಯ್ದಳು.

"ನೀನೇ ಹಾಳು ಮಾಡಿದ್ದು. ದಿನಾ ಆ ಗೇಮು ಆಡಿ ಆಡಿ ಕಾರ್ಡು ಸುಟ್ಟು ಹಾಕಿದ್ದಿ. ನನ್ನ ಕೆಲಸ ಅದರ ಮೇಲೆ ನಿಂತಿದೆ ಅಂತ ಗೊತ್ತುಂಟಲ್ಲ ನಿನಗೆ?"

"ನಾನು ಎಂತದೂ ಮಾಡ್ಲಿಲ್ಲ ಅಕ್ಕಾ. ಒಂದು ಗಂಟೆ ಆಡ್ತೇನೆ. ಅಷ್ಟಕ್ಕೆಲ್ಲ ಸುಟ್ಟು ಹೋಗುದಿಲ್ಲ."

"ಸುಳ್ಳು ಬೇಡ. ಇಪ್ಪತ್ತನಾಲ್ಕು ವರ್ಷ ಆಯ್ತು, ಒಂದು ಜವಾಬ್ದಾರಿ ಇಲ್ಲ. ಇವತ್ತಿಂದ ಪಾಸ್‌ವರ್ಡ್ ಹಾಕ್ತೇನೆ. ಮುಟ್ಟಿದ್ರೆ ನೋಡು."

ಸುಜನ್ ತಟ್ಟೆ ಹತ್ತಿರ ಎಳೆದುಕೊಂಡ. ಅವನು ಒಮ್ಮೆ ಅಪ್ಪನ ಕಡೆ ನೋಡಿದ ಹಾಗಾಯಿತು. ಮುಂಡಪ್ಪ ಅನ್ನದಲ್ಲಿ ಗುಳಿ ಮಾಡಿ, "ಸಾರು ಹಾಕು" ಎಂದ ಸುಂದರಿಗೆ. ಇಷ್ಟೇ ಆದದ್ದು. ಸಾರು ಹಾಕು. ಆ ಎರಡು ಮಾತು ಈಗ ಹತ್ತು ದಿನಗಳಿಂದ ಅವನ ಕಿವಿಯಲ್ಲಿ ಕೂತಿವೆ. ಹಲ್ಲುಜ್ಜುವಾಗ ಕೇಳುತ್ತವೆ, ಸ್ಟೇಷನ್ನಿನ ಕಡೆ ತರಕಾರಿಗೆ ಹೋದಾಗ ಕೇಳುತ್ತವೆ. ಎಷ್ಟೊಂದು ಸಲ ಬಾಯಿ ತೆರೆದ. ಮರುದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ, ಮೂರನೇ ದಿನ ಹೇಳಿದರೆ ಎರಡು ದಿನದ ಲೆಕ್ಕ. ದಿನ ಹೋದ ಹಾಗೆ ಎಣ್ಣೆಯ ತಪ್ಪು ಸಣ್ಣದಾಗುತ್ತಾ ಸುಮ್ಮನಿದ್ದ ತಪ್ಪು ದೊಡ್ಡದಾಗುತ್ತಾ ಬಂತು. ಹೋಟೆಲಿನಲ್ಲಿ ಹೀಗೆ ಒಬ್ಬ ಅಡುಗೆಯವನಿದ್ದ, ಬೂಬ ಎಂದು ಹೆಸರು. ಹಾಲು ಒಡೆಸಿದ್ದು ತಾನು, ಬೈಗುಳ ತಿಂದದ್ದು ಚಹಾದವನು. ಆ ಬೂಬನನ್ನು ಮುಂಡಪ್ಪ ಮೂರು ತಿಂಗಳು ಮಾತಾಡಿಸಿರಲಿಲ್ಲ, ಅಷ್ಟು ದೊಡ್ಡ ಮನುಷ್ಯ ತಾನು! ಈಗ ಬೂಬ ಎದುರು ಬಂದರೆ ಚಹಾ ಕೊಡಿಸಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ.

ಇವತ್ತು ಬೆಳಿಗ್ಗೆ ಸುಜನ್ ಮಹಾಪೆಯ ಕಂಪನಿಗೆ ಹೊರಡುವಾಗ ಶೂ ಕಟ್ಟಿಕೊಳ್ಳುತ್ತ ಅಮ್ಮನಿಗೆ ಹೇಳಿದ, ಸಂಜೆ ತಡವಾಗುತ್ತದೆ, ಗೆಳೆಯ ಯಶ್ವಂತನ ಜೊತೆ ಕಂಪನಿ ಹತ್ತಿರ ಘಣಸೋಲಿಯಲ್ಲಿ ರೂಮು ನೋಡಲಿಕ್ಕುಂಟು, ಸರಿ ಕಂಡರೆ ಇವತ್ತೇ ಹೂಂ ಅಂದು ಬರುತ್ತೇನೆ ಎಂದು. "ಮನೆ ಇರುವಾಗ ರೂಮು ಯಾಕೆ ಮಗಾ?" ಎಂದಳು ಸುಂದರಿ. "ಟ್ರೈನಿನಲ್ಲಿ ದಿನಾ ಸಾಯ್ಲಿಕ್ಕೆ ಆಗುದಿಲ್ಲ ಅಮ್ಮಾ" ಎಂದ. ಸುಳ್ಳು. ಎರಡು ವರ್ಷದಿಂದ ಥಾಣೆಯವರೆಗೆ ಅದೇ ಟ್ರೈನಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ನಗುತ್ತ ಹೋಗಿ ಬಂದವನು. ಡೊಂಬಿವಲಿಯಲ್ಲಿ ಹುಟ್ಟಿದ ಹುಡುಗ ಟ್ರೈನಿಗೆ ಹೆದರಿ ಮನೆ ಬಿಡುತ್ತಾನೆಯೇ? ಬಾಗಿಲು ಎಳೆದುಕೊಂಡು ಹೋದ. ಗ್ಯಾಲರಿಯಿಂದ ಮುಂಡಪ್ಪ ಕೆಳಗೆ ನೋಡಿದ. ಮಗ ದಿನಾ ಗೇಟಿನ ಹತ್ತಿರ ತಲೆಯೆತ್ತಿ ಕೈ ಮಾಡುತ್ತಿದ್ದ. ಈಗ ಹತ್ತು ದಿನಗಳಿಂದ ಮಾಡುವುದಿಲ್ಲ. ರೂಮಿಗೆ ಒಮ್ಮೆ ಹೂಂ ಅಂದರೆ ಮುಗಿಯಿತು. ಕಳ್ಳನೆನಿಸಿಕೊಂಡೇ ಮಗ ಮನೆ ಬಿಟ್ಟ ಹಾಗಾಗುತ್ತದೆ, ಅದೂ ಅಪ್ಪ ಕದ್ದು ತಿಂದ ಬೆಲ್ಲಕ್ಕೆ. ಸಂಜೆಯೊಳಗೆ ಹೇಳಬೇಕು. ಹೇಳಲೇಬೇಕು. ಮುಂಡಪ್ಪ ಚಹಾ ಕುಡಿದ. ನಾಚಿಕೆಗೇಡು, ಚಹಾ ರುಚಿಯಾಗಿಯೇ ಇತ್ತು.

"ಪಪ್ಪಾ, ಕಲ್ಯಾಣದಿಂದ ಆ ರಿಪೇರಿಯವರು ಹನ್ನೊಂದಕ್ಕೆ ಬರ್ತಾರೆ" ಎಂದಳು ಪ್ರಣೀತಾ ಗ್ಯಾಲರಿಗೆ ಬಂದು. ಟಿಟ್ವಾಳಾದಲ್ಲಿ ಏಳುತ್ತಿರುವ ಒಂದು ಬಿಲ್ಡಿಂಗಿನ ಫ್ಲ್ಯಾಟುಗಳು ಒಳಗೆ ಹೇಗೆ ಕಾಣುತ್ತವೆ ಎಂಬ ಚಿತ್ರಗಳನ್ನು ಅವಳು ಐದು ಗಂಟೆಯೊಳಗೆ ಕಳಿಸಬೇಕಿತ್ತು. ಇನ್ನೂ ಕಟ್ಟದ ಗೋಡೆಯ ಮೇಲೆ ಬಿಸಿಲು, ಇಲ್ಲದ ಸೋಫಾದ ಮೇಲೆ ಇಲ್ಲದ ದಿಂಬು. ಆ ಬಿಸಿಲನ್ನು ನೋಡುವುದೆಂದರೆ ಮುಂಡಪ್ಪನಿಗೆ ಭಾರೀ ಖುಷಿ. ಅವಳ ಕುರ್ಚಿಯ ಹಿಂದೆ ನಿಂತು, ಆ ಕಿಟಕಿಯ ಪರದೆ ಸ್ವಲ್ಪ ಹಸಿರು ಮಾಡು ಮಗಾ ಎಂದು ಹೇಳಿದ್ದೂ ಉಂಟು. "ನನಗೆ ಆಫೀಸಿನ ಮೀಟಿಂಗು ಉಂಟು ಫೋನಿನಲ್ಲಿ. ನೀವು ಅವರ ಹತ್ತಿರ ಕೂತುಕೊಳ್ಳಿ. ಏನು ಮಾಡ್ತಾರೆ ಅಂತ ನೋಡಿ, ನಿಮಗೆ ಮೆಶೀನು ಗೊತ್ತುಂಟಲ್ಲ" ಎಂದಳು. ನಿಮಗೆ ಮೆಶೀನು ಗೊತ್ತುಂಟಲ್ಲ! ಇದನ್ನು ಯಾರಾದರೂ ಹೇಳಲಿ ಎಂದು ಅವನು ನಾಲ್ಕು ವರ್ಷ ಕಾದಿದ್ದ. ಹೇಳುವುದಾದರೆ ಇವತ್ತೇ ಹೇಳಬೇಕಿತ್ತೇ?

ರಿಪೇರಿಗೆ ಬಂದವನು ಅಂಬರೀಶ, ಕಲಬುರ್ಗಿ ಕಡೆಯವನು, ನಲವತ್ತರ ಆಸುಪಾಸು, ಬೆನ್ನಿಗೆ ಬ್ಯಾಗು, ಕಿವಿಗೆ ಮಫ್ಲರು. ಮನೆಯಲ್ಲಿ ಕನ್ನಡ ಕೇಳಿದವನೇ ಅರಳಿಬಿಟ್ಟ. "ಏ, ನೀವು ನಮ್ಮ ಮಂದೀನ ಏನ್ರೀ ಕಾಕಾ! ಮೊದಲ ಹೇಳಬಾರದಾ?" ಎಂದು ಚಪ್ಪಲಿ ಬಿಟ್ಟು, ಚಹಾ ಬೇಡವೆನ್ನುತ್ತಲೇ ಲೋಟ ತೆಗೆದುಕೊಂಡು, ಕಂಪ್ಯೂಟರು ಹೊತ್ತಿಸಿ ಪರದೆಯ ಮೂಲೆಯಲ್ಲಿ ಕಾವು ಎಷ್ಟಿದೆ ಎಂದು ತೋರಿಸುವ ಒಂದು ಅಂಕೆ ಹಚ್ಚಿದ. ಐವತ್ತೆಂಟು. ಎಪ್ಪತ್ತು. ಎಂಬತ್ತೊಂದು. ಮುಂಡಪ್ಪ ಸ್ಟೂಲಿನ ಮೇಲೆ ಕೂತು ಆ ಅಂಕೆ ಏರುವುದನ್ನು ತನ್ನದೇ ಜ್ವರ ನೋಡುವವನ ಹಾಗೆ ನೋಡಿದ. ತೊಂಬತ್ತಾರಕ್ಕೆ ಪರದೆ ಕಪ್ಪಾಯಿತು. "ಹಾಂ, ನೋಡ್ರಿ. ಕಾರ್ಡ್ ಕಾಯಾಕತ್ತೇತಿ. ಯಾವಾಗ ಯಾವಾಗ ಬಂದ್ ಆಗ್ತದ?" ಎಂದು ಕೇಳಿದ ಅಂಬರೀಶ. ಬೆಳಿಗ್ಗೆ ಎಂದ ಮುಂಡಪ್ಪ. ಮಧ್ಯಾಹ್ನ? ಆಗುವುದಿಲ್ಲ. ಸಂಜೆ? ಆಗುವುದಿಲ್ಲ. ಅಂಬರೀಶ ಲೋಟ ಕೆಳಗಿಟ್ಟ. "ಉಲ್ಟಾ ಆತಲ್ರೀ ಇದು. ಬ್ಯಾಸಿಗ್ಯಾಗ ಕಾಯ್ದರ ತಿಳೀತದ. ಥಂಡಿ ಹೊತ್ತಿನಾಗ ಕಾಯ್ತದಂದ್ರ ಒಳಗ ಏನೋ ಥಂಡಿಗೆ ಬಿಗೀತದ. ಏನ್ ಬಿಗೀತದ?" ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಂಡದ್ದು. ಮುಂಡಪ್ಪ ಸ್ಟೂಲನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿದ.

ಸ್ಕ್ರೂ ಬಿಚ್ಚಿ ಅಂಬರೀಶ ಕಾರ್ಡನ್ನು ಹೊರಗೆ ತೆಗೆದು ಪೇಪರಿನ ಮೇಲೆ ಮಲಗಿಸಿದ. ಕಿರುಬೆರಳಿನಿಂದ ಫ್ಯಾನು ತಳ್ಳಿದ. ಅದು ಅರ್ಧ ಸುತ್ತು ಹೋಗಿ ನಿಂತಿತು. ಇನ್ನೊಂದನ್ನು ತಳ್ಳಿದ, ಅದೂ ಹಾಗೆಯೇ. ನಡುಗಂಟಿನ ಸುತ್ತ ಧೂಳು ಕಂದು ಬಣ್ಣದ ಅಂಟಾಗಿ ಕೂತಿತ್ತು. ಅವನು ಬಗ್ಗಿ ನೋಡಿದ, ಮುಟ್ಟಿದ, ಬೆರಳು ಮೂಗಿಗೆ ಹಿಡಿದ. ಮತ್ತೊಮ್ಮೆ ಹಿಡಿದ. ಮುಂಡಪ್ಪ ಕಿಟಕಿಯ ಕಡೆ ನೋಡಿದ. ಎಂಥಾ ಸಣ್ಣ ವಾಸನೆ ಅದು, ಹುಟ್ಟಿದಂದಿನಿಂದ ತನ್ನ ತಲೆಯಲ್ಲಿ, ಅಮ್ಮನ ಸೆರಗಿನಲ್ಲಿ, ಹೋಟೆಲಿನ ಒರೆಸುವ ಬಟ್ಟೆಯಲ್ಲಿ ಇದ್ದದ್ದು, ಅದು ಹೀಗೆ ಸಾಕ್ಷಿ ಹೇಳಲಿಕ್ಕೆ ಎದ್ದು ನಿಲ್ಲುತ್ತದೆ ಎಂದು ಯಾರಿಗೆ ಗೊತ್ತು.

"ಯಾರ್ರೀ ಇದಕ ಕೊಬ್ರಿ ಎಣ್ಣಿ ಹಾಕ್ಯಾರ?" ಎಂದ ಅಂಬರೀಶ, ಮೆಲ್ಲಗೆ.

ಮುಂಡಪ್ಪನ ಕೈ ತಾನಾಗಿಯೇ ತನ್ನ ತಲೆಗೂದಲಿಗೆ ಹೋಯಿತು. ಅಂಬರೀಶ ಅವನ ಮುಖ ನೋಡಿದ, ನಗು ಬಂತು, ನಗುವನ್ನು ನುಂಗಿಕೊಂಡ. ಒಳ್ಳೆಯ ಮನುಷ್ಯ. ಆಚೆ ಕೋಣೆಯಲ್ಲಿ ಪ್ರಣೀತಾ ಫೋನಿನಲ್ಲಿ ಮರಾಠಿ ಇಂಗ್ಲಿಷು ಬೆರೆಸಿ ಯಾರನ್ನೋ ಸಮಾಧಾನ ಮಾಡುತ್ತಿದ್ದಳು. ಅಂಬರೀಶ ಅತ್ತ ಕಣ್ಣು ಹಾಯಿಸಿ ದನಿ ಇನ್ನೂ ಇಳಿಸಿದ. "ಇರ್ಲಿ ಬಿಡ್ರಿ ಕಾಕಾ. ನಮ್ಮಪ್ಪ ಟೀವಿ ರಿಮೋಟು ನೀರಾಗ ತೊಳದಿದ್ದ. ನಾ ಏನೂ ಹೇಳಂಗಿಲ್ಲ. ಧೂಳ ಕುಂತಿತ್ತು ಅಂತೀನಿ, ಮುಗೀತು. ಕಾರ್ಡಿಗೇನೂ ಆಗಿಲ್ಲ, ಒರೆಸಿದ್ರ ಹೋಗ್ತದ." ಮುಂಡಪ್ಪನ ಮೈಯೆಲ್ಲ ಹಗುರಾಯಿತು. ಕಾರ್ಡಿಗೆ ಏನೂ ಆಗಿಲ್ಲ! ಯಾರಿಗೂ ಗೊತ್ತಾಗುವುದಿಲ್ಲ! ಹತ್ತು ದಿನ ಕಲ್ಲು ಹೊತ್ತವನ ತಲೆಯಿಂದ ಯಾರೋ ದಾರಿಹೋಕ ಅದನ್ನು ಇಳಿಸಿ ಪಕ್ಕಕ್ಕಿಟ್ಟಿದ್ದ. ಅಂಬರೀಶ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಎರಡೂ ಫ್ಯಾನು ಒರೆಸಿದ, ಕಾವು ಎಳೆದುಕೊಳ್ಳಲೆಂದು ಒಳಗೆ ಹಚ್ಚಿ ಒಣಗಿದ್ದ ಹಳೆಯ ಪೇಸ್ಟು ಕೆರೆದು ಹೊಸದನ್ನು ವೀಳ್ಯದೆಲೆಗೆ ಸುಣ್ಣ ಸವರಿದ ಹಾಗೆ ತೆಳ್ಳಗೆ ಸವರಿದ. ಮುಂಡಪ್ಪ ಟಾರ್ಚು ಹಿಡಿದ, ಸ್ಕ್ರೂ ಎತ್ತಿಕೊಟ್ಟ, ಕೈಯಳತೆಯ ಬಗ್ಗೆ ಒಂದೆರಡು ಮಾತೂ ಆಡಿದ. ಎಷ್ಟು ಸುಖವಾಗಿತ್ತು ಆ ಅರ್ಧ ಗಂಟೆ! ಒಬ್ಬ ಕಸುಬಿನವನ ಪಕ್ಕದಲ್ಲಿ ಇನ್ನೊಬ್ಬ ಕಸುಬಿನವ. ಹೊತ್ತಿಸಿದಾಗ ಫ್ಯಾನುಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ತಿರುಗಿದವು. ಅಂಕೆ ಅರವತ್ತಾರಕ್ಕೆ ಹೋಗಿ ಅಲ್ಲೇ ನಿಂತಿತು.

ಪ್ರಣೀತಾ ಬಂದು ಅಂಕೆ ನೋಡಿ ಚಪ್ಪಾಳೆ ತಟ್ಟಿದಳು. "ಏನಾಗಿತ್ತು?"

"ಧೂಳರೀ ಮೇಡಂ, ಧೂಳು" ಎಂದ ಅಂಬರೀಶ ಬ್ಯಾಗಿನ ಜಿಪ್ಪು ಎಳೆಯುತ್ತ.

"ನೋಡಿದ್ರಾ ಪಪ್ಪಾ? ನಾನು ಹೇಳಿದ್ದಲ್ವಾ. ಅವನಿಗೆ ಆಡ್ಲಿಕ್ಕೆ ಗೊತ್ತು, ಒಮ್ಮೆ ತೆಗೆದು ಒರೆಸ್ಲಿಕ್ಕೆ ಗೊತ್ತಿಲ್ಲ. ಈಗ ರೂಮು ಮಾಡ್ತಾನಂತೆ ರೂಮು. ಹೋಗ್ಲಿ. ಅವನ ಕಸ ಅವನೇ ಗುಡಿಸ್ಲಿ, ಆಗ ಗೊತ್ತಾಗ್ತದೆ."

ಈಗಲೂ ಸುಮ್ಮನಿರಬಹುದಿತ್ತು. ಕಾರ್ಡು ಸರಿಯಾಗಿದೆ, ಮಗಳು ಖುಷಿಯಲ್ಲಿದ್ದಾಳೆ, ಸಾಕ್ಷಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಯಾಗಿದೆ. ಅಡುಗೆಮನೆಯಲ್ಲಿ ಬಂಗುಡೆ ಮೀನಿನ ಸಾರಿಗೆ ಮಸಾಲೆ ಬೀಳುತ್ತಿದೆ, ಇನ್ನೊಂದು ಗಂಟೆಗೆ ಊಟ. ಆಗ ಮತ್ತೆ ಅದೇ ತಟ್ಟೆ, ಮತ್ತೆ ಸಾರು ಹಾಕು. ಮುಂಡಪ್ಪನಿಗೆ ಥಟ್ಟನೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಅದಕ್ಕಿಂತ ಹೆಚ್ಚಾಗಿ, ಸಾಕಾಗಿಹೋಯಿತು.

"ಧೂಳಲ್ಲ" ಎಂದ. "ಎಣ್ಣೆ. ತೆಂಗಿನೆಣ್ಣೆ. ಹಾಕಿದ್ದು ನಾನು. ನವೆಂಬರಿನಲ್ಲಿ. ಎರಡಕ್ಕೂ."

ಅಂಬರೀಶ ಜಿಪ್ಪು ಬಿಟ್ಟು ಮಫ್ಲರು ಸರಿ ಮಾಡಿಕೊಂಡ. ಪ್ರಣೀತಾ ಮೊದಲು ನಕ್ಕಳು. ಎಣ್ಣೆ ಎಂಬ ಮಾತಿಗೆ ಯಾರಿಗಾದರೂ ನಗು ಬರುವಂಥದ್ದೇ. ಆಮೇಲೆ ಆ ನಗು ಮುಖದಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮಾಯವಾಯಿತು.

"ಮತ್ತೆ ಹತ್ತು ದಿನ ಸುಮ್ಮನೆ ಕೂತಿದ್ರಾ? ನಾನು ಅವನಿಗೆ ಅಷ್ಟೆಲ್ಲ ಬೈಯುವಾಗ?"

"ಹೂಂ."

"ಎಂತ ಪಪ್ಪಾ ನೀವು!" ಎಂದಳು. ಕಣ್ಣು ತುಂಬಿತ್ತು. "ಅವನಿಗೆ ಜವಾಬ್ದಾರಿ ಇಲ್ಲ ಅಂತೆಲ್ಲ ಹೇಳಿದೆ ನಾನು. ಪಾಸ್‌ವರ್ಡ್ ಹಾಕಿದೆ. ಛೀ." ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಸುಂದರಿ ಸೌಟು ಹಿಡಿದೇ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಅವನಿಗೆ ನೀವೇ ಫೋನು ಮಾಡಿ. ಇವಳು ಮಾಡುವುದಲ್ಲ, ನಾನು ಮಾಡುವುದಲ್ಲ, ನೀವು" ಎಂದಳು. ಅಂಬರೀಶ ಮಾತ್ರ ಹೋಗುವಾಗ ಬಾಗಿಲಲ್ಲಿ ಮುಂಡಪ್ಪನ ಕೈ ಹಿಡಿದು ಗಟ್ಟಿಯಾಗಿ ಕುಲುಕಿದ.

ಡ್ಯೂಟಿಯಲ್ಲಿರುವಾಗ ಸುಜನ್ ಫೋನು ಎತ್ತುವುದಿಲ್ಲ. ಮಧ್ಯಾಹ್ನ ಪೂರ್ತಿ ಮುಂಡಪ್ಪ ಗಡಿಯಾರ ನೋಡಿದ. ವಿಚಿತ್ರವೆಂದರೆ ಮನಸ್ಸು ಹೆದರಿದ್ದರೂ ಹೊಟ್ಟೆ ಹೆದರಿರಲಿಲ್ಲ, ಬಂಗುಡೆ ಎರಡು ತಿಂದ, ಅರ್ಧ ಗಂಟೆ ನಿದ್ದೆಯೂ ಬಂತು, ಹತ್ತು ದಿನಗಳಲ್ಲಿ ಮೊದಲ ಒಳ್ಳೆಯ ನಿದ್ದೆ. ಐದಕ್ಕೆ ಹತ್ತು ನಿಮಿಷವಿರುವಾಗ ಪ್ರಣೀತಾಳ ಚಿತ್ರಗಳು ಹೋದವು. ಟಿಟ್ವಾಳಾದ ಇಲ್ಲದ ಮನೆಗಳಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಐದೂಮುಕ್ಕಾಲಿಗೆ ಅವನು ಗ್ಯಾಲರಿಗೆ ಬಂದು ಫೋನು ಹಚ್ಚಿದ. ಬಸ್ಸಿನ ಗದ್ದಲ ಕಿವಿಗೆ ನುಗ್ಗಿತು.

"ಪಪ್ಪಾ, ಥಾಣೆ ಬಸ್ಸಿನಲ್ಲಿದ್ದೇನೆ. ಈಗ ಘಣಸೋಲಿ ಬರ್ತದೆ, ಯಶ್ವಂತ್ ಸ್ಟಾಪಿನಲ್ಲಿ ಕಾಯ್ತಿದ್ದಾನೆ. ಬೇಗ ಹೇಳಿ."

"ಕಂಪ್ಯೂಟರಿನ ಫ್ಯಾನಿಗೆ ಎಣ್ಣೆ ಹಾಕಿದ್ದು ನಾನು."

"ಕೇಳುದಿಲ್ಲ ಪಪ್ಪಾ. ಜೋರಾಗಿ ಹೇಳಿ."

"ಎಣ್ಣೆ! ತೆಂಗಿನೆಣ್ಣೆ! ಹಾಕಿದ್ದು ನಾನು! ಹಾಳು ಮಾಡಿದ್ದು ನಾನು, ನೀನಲ್ಲ!"

ಎದುರು ಬಿಲ್ಡಿಂಗಿನ ಗ್ಯಾಲರಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ವಾರಿಜಾ ಕ್ಲಿಪ್ಪು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ನೋಡಿದಳು. ನಾಳೆಗೆ ಕಾಲನಿಯ ತುಳು ಮಂದಿಗೆಲ್ಲ ಗೊತ್ತಾಗುವುದು ಖಂಡಿತ. ಲೈನು ಕಟ್ಟಾಯಿತೇನೋ ಎಂದು ಮುಂಡಪ್ಪ ಫೋನು ಕಣ್ಣೆದುರು ತಂದು ನೋಡಿ ಮತ್ತೆ ಕಿವಿಗೆ ಹಿಡಿದ.

"ಗೊತ್ತುಂಟು ಪಪ್ಪಾ" ಎಂದ ಸುಜನ್.

"ಎಂತ ಗೊತ್ತುಂಟು?"

"ಅಕ್ಕ ಬೈದ ಮರುದಿನವೇ ಬಿಚ್ಚಿ ನೋಡಿದ್ದೆ ನಾನು. ಎಣ್ಣೆ ವಾಸನೆ ಬಂತು. ಮೆಶೀನಿಗೆ ತೆಂಗಿನೆಣ್ಣೆ ಹಾಕುವವರು ಇಡೀ ಡೊಂಬಿವಲಿಯಲ್ಲಿ ಇನ್ಯಾರಿದ್ದಾರೆ?"

"ಮತ್ತೆ ಅಕ್ಕನಿಗೆ ಯಾಕೆ ಹೇಳ್ಲಿಲ್ಲ ಮಾರಾಯಾ?"

"ನಾನು ಹೇಳುವುದಾ? ನೀವು ಹೇಳ್ತೀರಿ ಅಂತ ಕಾದೆ. ದಿನಾ ಊಟಕ್ಕೆ ಕೂತಾಗ, ಇವತ್ತು ಹೇಳ್ತೀರಿ, ಇವತ್ತು ಹೇಳ್ತೀರಿ ಅಂತ. ನೀವು ಹೇಳ್ಲಿಲ್ಲ. ಮತ್ತೆಯೇ ನಾನು ಯಶ್ವಂತನ ಹತ್ತಿರ ರೂಮಿನ ವಿಷಯ ಕೇಳಿದ್ದು."

ಮುಂಡಪ್ಪ ಗ್ಯಾಲರಿಯ ಗ್ರಿಲ್ಲು ಹಿಡಿದುಕೊಂಡ. ಹತ್ತು ದಿನ ತಾನು ಮಗನ ಮುಖ ತಪ್ಪಿಸಿ ಅನ್ನ ಕಲಸುತ್ತಿದ್ದಾಗ ಮಗ ತನ್ನ ಬಾಯಿಯನ್ನೇ ನೋಡುತ್ತ ಕೂತಿದ್ದ. ಅಕ್ಕನ ಬೈಗುಳ ಅವನಿಗೆ ತಾಗಿರಲೇ ಇಲ್ಲ. ತಾಗಿದ್ದು ಇದು. ತಪ್ಪಾಯಿತು ಎಂಬ ಮಾತನ್ನು ಅವನು ಸೇಠ್‌ಗೆ ಹೇಳಿದ್ದ, ಗಿರಾಕಿಗಳಿಗೆ ಹೇಳಿದ್ದ, ಟ್ರೈನಿನಲ್ಲಿ ಕಾಲು ತುಳಿದವರಿಗೆ ದಿನಕ್ಕೆ ನಾಲ್ಕು ಸಲ ಹೇಳಿದ್ದ. ಮಕ್ಕಳಿಗೆ ಒಮ್ಮೆಯೂ ಹೇಳಿರಲಿಲ್ಲ.

"ತಪ್ಪಾಯ್ತು ಮಗಾ" ಎಂದ.

ಆ ಕಡೆ ಕಂಡಕ್ಟರು ಘಣಸೋಲಿ, ಘಣಸೋಲಿ ಎಂದು ಕೂಗಿದ. ಬ್ರೇಕು ಕಿರುಗುಟ್ಟಿತು, ಜನ ನೂಕಾಡಿ ಇಳಿಯುವ ಸದ್ದು, ಯಾರೋ ಯಾರನ್ನೋ ಬೈದದ್ದು. ಟಿಂಗ್ ಟಿಂಗ್ ಎಂದು ಎರಡು ಸಲ ಗಂಟೆಯಾಗಿ ಬಸ್ಸು ಹೊರಟಿತು.

"ಮಗಾ? ಇಳಿದೆಯಾ?"

"ಇಲ್ಲ ಪಪ್ಪಾ" ಎಂದ ಸುಜನ್. "ಇಳೀಲಿಲ್ಲ."